ತುರಚೆ ನಾರಿನ ಹಗ್ಗ

ಅವಳು ಹಗ್ಗದ ಸುರುಳಿಯನ್ನು ತಂದು ಗಂಡನ ಶವಪೆಟ್ಟಿಗೆಯ ಪಕ್ಕ ಹಾಕಿದಳು. ಗಂಡನ ಅಣ್ಣ ಎರಡು ಹೆಜ್ಜೆ ಹಿಂದೆ ಸರಿದರು.

“ಇದು ಅವನ ತುರಚೆ ಗಿಡದ್ದಲ್ವಾ? ಮೈಯೆಲ್ಲ ತುರಿಸುತ್ತಮ್ಮ! ನೈಲಾನ್ ತರಿಸ್ತೀನಿ, ಇರು.”

“ಇವರನ್ನ ಗುಂಡಿಗೆ ಇಳಿಸೋದು ಇದರಲ್ಲೇ, ಭಾವ.”

“ತುಂಡಾದ್ರೆ? ನಾಲ್ಕು ಜನರ ಮುಂದೆ ನನ್ನ ಮಾನ ಏನಾಗ್ಬೇಕು? ಅದರ ಸೊಪ್ಪು ಅಷ್ಟು ತಿಂದೂ ಮೂವತ್ತೆಂಟಕ್ಕೇ ಎದೆ ನಿಂತುಹೋಯ್ತು. ಇನ್ನು ಹಗ್ಗ ನಿಲ್ಲುತ್ತಾ?”

ಔಷಧಿ ಅಂಗಡಿಯ ಈ ಭಾವ ತಮ್ಮನನ್ನು ‘ಕಳೆ ತಿನ್ನೋನು’ ಎಂದೇ ಕರೆಯುತ್ತಿದ್ದರು. ಮಂಡಿ ನೋವು ಬಂದಾಗ ಮಾತ್ರ ಹಿತ್ತಲ ಬಾಗಿಲಿಂದ ಬಂದು, ಎರಡು ಕಟ್ಟು ಸೊಪ್ಪನ್ನು ಪೇಪರಿನಲ್ಲಿ ಸುತ್ತಿಕೊಂಡು ಹೋಗುತ್ತಿದ್ದರು. ಯಾರಾದರೂ ಕಂಡರೆ ಕೊತ್ತಂಬರಿ ಎನ್ನುತ್ತಿದ್ದರು.

ಓರಗಿತ್ತಿ ಮೂರನೇ ಲೋಟ ಹಿಡಿದು ಬಂದರು. “ಟೀ ಚೆನ್ನಾಗಿದೆ ಕಣೇ. ಯಾವ ಪುಡಿ?”

“ಕಳೆ, ಅಕ್ಕ.”

ಲೋಟ ಮೆಲ್ಲಗೆ ಮೇಜಿನ ಮೇಲೆ ಕೂತಿತು.

*

ಅವಳ ಗಂಡ ಲಿಫ್ಟ್ ಮೆಕ್ಯಾನಿಕ್. ಹಿತ್ತಲ ಗೋಡೆಯುದ್ದಕ್ಕೂ ತುರಚೆ ಬೆಳೆಸಿದ್ದ. “ಹೆದರಿ ಸವರಿದ್ರೆ ಚುಚ್ಚುತ್ತೆ. ಬುಡದಿಂದ ಮೇಲಕ್ಕೆ ಗಟ್ಟಿಯಾಗಿ ಹಿಡಿ,” ಎಂದು ಹೇಳಿಕೊಟ್ಟಿದ್ದ. ಅವಳಿಗೆ ರಕ್ತ ಕಡಿಮೆಯೆಂದು ಡಾಕ್ಟರು ಹೇಳಿದ ವರ್ಷ, ಎಳೆಯ ಕುಡಿ ಬೇಯಿಸಿ, ಸೂಪು ಮಾಡಿ, ಎದುರಿಗೆ ಕೂತು ಕುಡಿಸಿದ್ದ. ಬಲಿತ ದಂಟುಗಳನ್ನು ಬಚ್ಚಲಿನ ಡ್ರಮ್ಮಿನಲ್ಲಿ ಎರಡು ವಾರ ಕೊಳೆಸಿ, ನಾರು ಸುಲಿದು, ತೊಡೆಯ ಮೇಲೆ ಹೊಸೆಯುತ್ತಿದ್ದ.

ಆ ನಾತಕ್ಕೆ ಅವಳು ಮೂಗು ಮುಚ್ಚಿಕೊಂಡು ಕೇಳಿದ್ದಳು: “ಬಾವಿಯಿಲ್ಲದ ಮನೆಗೆ ಇಷ್ಟುದ್ದ ಹಗ್ಗ ಯಾಕ್ರೀ?”

ಅವನು ತೊಲೆಗೆ ಹಗ್ಗ ಬಿಗಿದು ತುಂಬಿದ ಗ್ಯಾಸ್ ಸಿಲಿಂಡರುಗಳನ್ನು ನೇತುಹಾಕಿದ್ದ. “ಎರಡು ತಡೀತು ನೋಡೇ!”

ಅವಳು ನೋಡಿರಲಿಲ್ಲ.

*

ಗುಂಡಿಯ ಬಳಿ ಭಾವ ಎರಡೂ ಅಂಗೈಗೆ ಕರವಸ್ತ್ರ ಸುತ್ತಿಕೊಂಡರು. ಉಳಿದ ಮೂವರು, ಅವನ ಜೊತೆ ಕೆಲಸ ಮಾಡಿದವರು, ಬರಿಗೈಯಲ್ಲಿ ಹಿಡಿದರು. ಹಗ್ಗ ಒಮ್ಮೆ ಕಿರುಗುಟ್ಟಿತು. ಪೆಟ್ಟಿಗೆ ವಾಲದೆ, ತಡವರಿಸದೆ ನೆಲ ಮುಟ್ಟಿತು.

ಭಾವ ಹಗ್ಗ ಬಿಸಾಡಿದರು. “ಹೇಳಿದ್ನಲ್ಲ! ಉರೀತಿದೆ.”

“ಕೊಳೆಸಿದ ನಾರಲ್ಲಿ ಮುಳ್ಳೆಲ್ಲಿರುತ್ತೆ ಸಾರ್?” ಎಂದ ಒಬ್ಬ.

ಅವಳು ಹಗ್ಗವನ್ನು ಮೇಲೆಳೆದು, ಅವನು ಸುತ್ತುತ್ತಿದ್ದಂತೆ, ಹೆಬ್ಬೆರಳಿಗೂ ಮೊಣಕೈಗೂ ಸುತ್ತತೊಡಗಿದಳು. ಪಕ್ಕದಲ್ಲಿ ಭಾವ ಕರವಸ್ತ್ರದ ಮೇಲಿಂದಲೇ ಅಂಗೈ ಕೆರೆದುಕೊಳ್ಳುತ್ತಿದ್ದರು.