ಗೋಲಿಯಿಲ್ಲದ ಜಾಡಿ

ದ್ರಾಕ್ಷಿ ಬೆಳೆದು ವೈನ್ ಮಾಡುವ ಆ ಮನೆಯಲ್ಲಿ ಯಾವ ಜಗಳಕ್ಕೂ ವಕೀಲರು ಬೇಕಾಗಿರಲಿಲ್ಲ, ಅಕ್ಕನ ಮೂಗು ಸಾಕಿತ್ತು. ಯಾವ ವೈನ್ ಬಾಟಲಿಗೆ, ಯಾವುದು ಅಗ್ಗದ ಡಬ್ಬಿಗೆ ಎಂದು ತಕರಾರು ಎದ್ದರೆ ಹೆಸರಿಲ್ಲದ ಗ್ಲಾಸುಗಳನ್ನು ಸಾಲಾಗಿ ಇಡುವುದು, ಅಕ್ಕ ಮೂಸಿ, ಗುಟುಕರಿಸಿ, ಬಕೆಟ್ಟಿಗೆ ಉಗುಳಿ ಹೇಳುವುದು. ಅವಳು ಹೇಳಿದಳೆಂದರೆ ಮುಗಿಯಿತು. ಇದು ಅಪ್ಪ ಹಾಕಿಕೊಟ್ಟ ಪದ್ಧತಿ. ಅಪ್ಪನ ವೈನನ್ನೇ ಅವಳೊಮ್ಮೆ "ಥೂ, ಒದ್ದೆ ಗೋಣಿಚೀಲ!" ಎಂದಾಗ ಆ ಪುಣ್ಯಾತ್ಮ ನಗುನಗುತ್ತಾ ಪೀಪಾಯಿಯನ್ನು ಮೋರಿಗೆ ಬಗ್ಗಿಸಿದ್ದ.

ಹಾಗಾಗಿ ದಿಬ್ಬದ ಹಳೇ ದ್ರಾಕ್ಷಿ ಬಳ್ಳಿಗಳ ವಿಷಯ ಬಂದಾಗಲೂ ಅಕ್ಕ ಹೆದರಲಿಲ್ಲ. ಅವು ಅಮ್ಮ ನೆಟ್ಟವು. ಬುಡ ತೊಡೆಗಾತ್ರ, ಬಿಡುತ್ತಿದ್ದದ್ದು ನಾಲ್ಕೇ ಗೊಂಚಲು. ಅಮ್ಮ ಹೋದ ಮೇಲೆ ಅಕ್ಕ ಅವುಗಳಲ್ಲೇ ಜೀವ ಇಟ್ಟುಕೊಂಡಿದ್ದಳು. ತಮ್ಮನಿಗೋ ಅವುಗಳನ್ನು ಕಂಡರಾಗದು. ಕಿತ್ತೆಸೆದು, ಬುಟ್ಟಿಗಟ್ಟಲೆ ಬಿಡುವ ಹೊಸ ತಳಿ ಹಾಕೋಣ ಎಂದು ಗಂಟುಬಿದ್ದಿದ್ದ.

"ಗ್ಲಾಸಲ್ಲೇ ತೀರ್ಮಾನ ಆಗ್ಲಿ ಕಣೋ," ಎಂದಳು ಅಕ್ಕ. "ದಿಬ್ಬದ್ದು ಪ್ರಯೋಜನ ಇಲ್ಲ ಅಂತ ನನ್ನ ಬಾಯಲ್ಲೇ ಬಂದ್ರೆ ಕಿತ್ತುಹಾಕು. ನಾನು ಕಮಕ್ ಕಿಮಕ್ ಅನ್ನಲ್ಲ."

"ಮಾತು ಅಂದ್ರೆ ಮಾತು," ಎಂದ ತಮ್ಮ.

ಪೀಪಾಯಿಯೊಳಗಿನ ವೈನ್ ಸುಮ್ಮನೆ ಕೂರುವ ಜಾತಿಯಲ್ಲ. ಮರದ ಹಲಗೆಗಳು ಒಂದಿಷ್ಟು ಕುಡಿಯುತ್ತವೆ, ಮಟ್ಟ ಇಳಿಯುತ್ತದೆ, ಆ ಸಂದಿಗೆ ಗಾಳಿ ನುಗ್ಗಿದರೆ ವೈನ್ ಹುಳಿಯಾಗಿ ಕಥೆ ಮುಗಿಯಿತು. ಅದಕ್ಕೆ ಅದೇ ವೈನನ್ನು ಗಾಜಿನ ಜಾಡಿಯಲ್ಲಿ ತೆಗೆದಿಟ್ಟು ವಾರವಾರ ಪೀಪಾಯಿಗೆ ತುಂಬಬೇಕು. ಆಗ ಜಾಡಿಯ ಮಟ್ಟ ಇಳಿಯುತ್ತದಲ್ಲ? ಅದಕ್ಕೆ ಈ ಮನೆಯವರು ಕಂಡುಕೊಂಡ ಉಪಾಯವೆಂದರೆ ಗೋಲಿ. ತೊಳೆದ ಗಾಜಿನ ಗೋಲಿಗಳನ್ನು ಒಂದೊಂದಾಗಿ ಒಳಗೆ ಬಿಟ್ಟರೆ ವೈನ್ ಮತ್ತೆ ಕತ್ತಿನವರೆಗೆ ಏರುತ್ತದೆ. ಅಕ್ಕ ತಮ್ಮ ಚಿಕ್ಕಂದಿನಲ್ಲಿ ಅಂಗಳದಲ್ಲಿ ಕಿತ್ತಾಡಿಕೊಂಡು ಗೆದ್ದ ಗೋಲಿಗಳೇ ಅವು.

ಆ ಚಳಿಗಾಲದಲ್ಲಿ ಅಕ್ಕ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಳು. ನೆಲಮಾಳಿಗೆಗೆ ಇಳಿಯುವಂತಿಲ್ಲ. ಮೆಟ್ಟಿಲ ಬಾಯಲ್ಲೇ ಕುರ್ಚಿ ಹಾಕಿಸಿಕೊಂಡು ಕೂಗುತ್ತಿದ್ದಳು:

"ದಿಬ್ಬದ ಪೀಪಾಯಿಗೆ ತುಂಬ್ದೇನೋ?"

"ತುಂಬ್ದೆ."

"ಜಾಡಿಗೆ ಗೋಲಿ?"

"ಹಾಕ್ದೆ ಕಣೇ! ನನ್ನನ್ನೇನು ಎಳೇ ಮಗು ಅಂದ್ಕೊಂಡಿದೀಯಾ?"

ಒಡಹುಟ್ಟಿದವನು. ಅನುಮಾನ ಪಡಲು ಅವಳಿಗೇನು ತಲೆ ಕೆಟ್ಟಿತ್ತೇ?

ವಸಂತದಲ್ಲಿ ತಮ್ಮ ಮೂರು ಗ್ಲಾಸು ತಂದಿಟ್ಟ. ಅಕ್ಕ ಮೊದಲನೆಯದಕ್ಕೆ ತಲೆಯಾಡಿಸಿದಳು. ಎರಡನೆಯದನ್ನು ಮೂಸಿ, ಗುಟುಕರಿಸಿ ಮುಖ ಸಿಂಡರಿಸಿದಳು. "ಅಯ್ಯೋ, ಇದರಲ್ಲಿ ಏನಿದೆ ಮಣ್ಣು? ಬರೀ ನೀರು. ಡಬ್ಬಿಗೆ ಹಾಕು ಇದನ್ನ."

ತಮ್ಮ ಗ್ಲಾಸನ್ನು ಎತ್ತಿ ತಳ ತೋರಿಸಿದ. ಸೀಮೆಸುಣ್ಣದಲ್ಲಿ 'ದಿಬ್ಬ' ಎಂದು ಬರೆದಿತ್ತು.

ಅಕ್ಕ ಗ್ಲಾಸನ್ನು ಕಿತ್ತುಕೊಂಡಳು. ಮತ್ತೆ ಮೂಸಿದಳು, ಮತ್ತೆ ಕುಡಿದಳು. ಏನು ಮಾಡಿದರೂ ನೀರು ನೀರೇ. ಆದರೆ ಕೊಟ್ಟ ಮಾತು ಕೊಟ್ಟದ್ದೇ. ಟ್ರಾಕ್ಟರ್ ಬಂದ ದಿನ ಊರುಗೋಲು ಹಿಡಿದು ದಿಬ್ಬದ ಕೆಳಗೆ ನಿಂತಳು. ಬೇರು ಕಿತ್ತುಬರುವ ಸದ್ದು ಕೇಳುತ್ತಾ, ಬಳ್ಳಿಗಳಿಗೆ ಮುಪ್ಪು ಬಂದದ್ದು ತನಗೇ ತಿಳಿಯಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡು ಅತ್ತಳು.

ಕಾಲು ಕೂಡಿದ ಮೇಲೆ ಮೊದಲು ಮಾಡಿದ ಕೆಲಸ, ದಿಬ್ಬದ ವೈನಿನ ಜಾಡಿಯನ್ನು ತೊಳೆಯಲು ನೆಲಮಾಳಿಗೆಗೆ ಇಳಿದದ್ದು. ಜಾಡಿ ಕತ್ತಿನವರೆಗೆ ತುಂಬಿತ್ತು. ಎತ್ತಿ ಓರೆ ಮಾಡಿದಳು. ಗಲಗಲ ಅನ್ನಬೇಕಿತ್ತು, ಅನ್ನಲಿಲ್ಲ. ಅಲ್ಲಾಡಿಸಿದಳು. ಊಹೂಂ. ಕಪಾಟು ತೆರೆದರೆ ಗೋಲಿ ಚೀಲ, ತಾನು ಹಾಕಿದ ಗಂಟಿನಲ್ಲೇ ಕೂತಿತ್ತು. ಅಂದರೆ ಜಾಡಿಯಿಂದ ಒಂದು ಹನಿಯೂ ಪೀಪಾಯಿಗೆ ಹೋಗಿರಲಿಲ್ಲ.

ಬಿರಡೆ ಕಿತ್ತಳು. ಅಮ್ಮನ ದಿಬ್ಬ ಘಮ್ಮೆಂದು ಮೂಗಿಗೆ ಬಡಿಯಿತು. ಅಕ್ಕ ಗೋಲಿ ಚೀಲ ಎತ್ತಿಕೊಂಡು ಮೆಟ್ಟಿಲು ಹತ್ತಿದಳು.

ಊಟದ ಮೇಜಿಗೆ ಚೀಲವನ್ನು ದಪ್ಪೆಂದು ಕುಕ್ಕಿ ಕೇಳಿದಳು: "ಪೀಪಾಯಿಗೆ ಏನು ತುಂಬ್ದೆ?"

ತಮ್ಮ ಚೀಲ ನೋಡಿದ, ತಟ್ಟೆ ನೋಡಿದ. "ಪೀಪಾಯಿಂದ ಮುಕ್ಕಾಲು ಇಳಿಸಿ, ಕೆಳಗಿನ ತೋಟದ ನೀರು ವೈನ್ ತುಂಬ್ದೆ. ಇನ್ನೇನ್ ಮಾಡ್ಲಿ? ನಾನು ಹೇಳಿದ್ರೆ ಕೇಳ್ತಿದ್ಯಾ? ಈ ಮನೇಲಿ ನಿನ್ನ ಮಾತು ಬಿಟ್ರೆ ಯಾರ ಮಾತು ನಡೆದಿದೆ? ಅದಕ್ಕೇ ನಿನ್ನ ಬಾಯಲ್ಲೇ ಹೇಳಿಸ್ದೆ."

"ಎಲಾ ಪಾಪಿ," ಎಂದಳು ಅಕ್ಕ. "ಅಮ್ಮನ ಬಳ್ಳಿ ಕೀಳೋಕೆ ನನ್ನ ನಾಲಿಗೇನೇ ಬೇಕಿತ್ತೇನೋ ನಿಂಗೆ?"

ಅವನು ಕೈ ತೊಳೆಯಲು ಎದ್ದ.

ಮುಂದಿನ ಸುಗ್ಗಿಯ ವೈನ್ ಕೊಳ್ಳಲು ವ್ಯಾಪಾರಿ ಬಂದ. ಅವನು ಬರುತ್ತಿದ್ದದ್ದೇ ಅಕ್ಕನ ಮೂಗನ್ನು ನಂಬಿ. ತಮ್ಮ ಹೊಸ ಅಂಗಿ ತೊಟ್ಟು ಆರು ಗ್ಲಾಸು ಜೋಡಿಸಿ, "ಹೇಳಕ್ಕಾ, ಯಾವುದು ಬಾಟಲಿಗೆ?" ಎಂದ.

ಅಕ್ಕ ಆರನ್ನೂ ಮೂಸಿದಳು. ಎರಡು ಚಿನ್ನದಂಥವು, ಒಂದು ಹುಳಿಯಾಗುತ್ತಿತ್ತು. ಎಲ್ಲ ಗೊತ್ತಾಯಿತು ಅವಳಿಗೆ. ಸಾವಕಾಶವಾಗಿ ಬಾಯಿ ಒರೆಸಿಕೊಂಡಳು.

"ಎಲ್ಲಾ ಒಂದೇ ಥರ ಇದೆ, ತಮ್ಮಾ. ಇನ್ಮೇಲೆ ನೀನೇ ಹೇಳು."

ವ್ಯಾಪಾರಿ ತಮ್ಮನ ಕಡೆ ತಿರುಗಿದ. ತಮ್ಮ ಒಂದು ಗ್ಲಾಸು ಎತ್ತಿದ, ಇಳಿಸಿದ, ಇನ್ನೊಂದು ಎತ್ತಿ ಅಕ್ಕನ ಮುಖ ನೋಡಿದ. ಅಕ್ಕ ಕಿಟಕಿಯಾಚೆ ಬೋಳು ದಿಬ್ಬ ನೋಡುತ್ತಾ ಕೂತಿದ್ದಳು.