ಉದ್ದನೆಯ ಕುಣಿ

ಕುಣಿಯೊಳಗೆ ನಿಂತು ಮಣ್ಣು ಎತ್ತಿಹಾಕುತ್ತಿದ್ದ ದುಂಡಪ್ಪನ ಹಣೆಗೆ ಮೊದಲ ಕಲ್ಲು ಬಿತ್ತು. ಗುದ್ದಲಿಯ ಮೇಲೆಯೇ ಕುಸಿದ.

ಖೇತೋನ ಹೆಣದ ಬಳಿ ನಿಂತಿದ್ದ ಅಲ್ಲಪ್ಪ ತಿರುಗಿ ನೋಡಿದ. ಯಡ್ರಾವದ ಲಿಂಗಾಯತ ರುದ್ರಭೂಮಿಯ ಬೇಲಿ ಹಾರಿ ಅವಧೂತನೆಂಬ ತರುಣ ಬರುತ್ತಿದ್ದ. ಹಿಂದೆ ಓಣಿಯ ಹುಡುಗರು, ಕೈಯಲ್ಲಿ ಕಬ್ಬಿಣದ ಸಲಾಕೆ.

“ಏನ ಅಲ್ಲಪ್ಪಣ್ಣಾ, ಪಾಕಿಸ್ತಾನದಾಂವಗ ಇಲ್ಲಿ ಕಬರ ತೋಡಾಕತ್ತೀರೇನು?”

“ಖೇತೋ ಹಿಂದೂನ ಇದ್ದನಪಾ. ಅದಕ್ಕ ಸಿಂಧ ಬಿಟ್ಟು ಓಡಿ ಬಂದಿದ್ದ. ಇಷ್ಟ ವರ್ಷ ನನ್ನ ಮಗ್ಗದಾಗ ದುಡದಾನ, ನಿನಗ ಗೊತ್ತಿಲ್ಲೇನು?”

“ಹಿಂದೂ ಇದ್ರ ಸುಡ್ರಿ.”

“ನಾವೂ ಹೂಳತೀವಲ್ಲೋ.”

“ನೀವು ಕುಂದ್ರಿಸಿ ಹೂಳತೀರಿ. ಇದು ಆಳುದ್ದ ಐತಿ. ನನಗೇನ ಕಣ್ಣ ಇಲ್ಲೇನು?”

“ಸಿಂಧದಾಗ ಅವರ ಮಂದಿ ಹಿಂದೂ ಇದ್ರೂ ಮಲಗಿಸೇ ಮಣ್ಣ ಮಾಡ್ತಾರ.”

“ಛಲೋ ಕತಿ ಹೇಳ್ತೀರಿ ಅಣ್ಣಾ.” ಹುಡುಗರು ನಕ್ಕರು. ಒಬ್ಬ, ಏಳಲು ಹವಣಿಸುತ್ತಿದ್ದ ದುಂಡಪ್ಪನ ಬೆನ್ನಿಗೆ ಸಲಾಕೆ ಬೀಸಿದ.

ಅವಧೂತ ದನಿ ತಗ್ಗಿಸಿದ. “ಮುಚ್ಚ್ರಿ ಇವತ್ತ. ನಾಳೆ ಹೊರಗ ಎಳದು ರೋಡಿಗೆ ಒಗೀತೀವಿ.”

ಹೆಣದ ಪಕ್ಕ ತಲೆ ತಗ್ಗಿಸಿ ಕೂತಿದ್ದ ಖೇತೋನ ಮಗಳು ಲಾಲಿ, ಆಗ ತಲೆಯೆತ್ತಿದಳು.

*

ಹೋದ ವರ್ಷ ಖೇತೋ ಆಶ್ರಯ ಬೇಡಲು ಕೊಲ್ಲಾಪುರದ ಸರ್ಕಾರಿ ಕಚೇರಿಗೆ ಹೋದಾಗ ಅಲ್ಲಪ್ಪನೂ ಜೊತೆಗಿದ್ದ. ಸಿಂಧದಲ್ಲಿ ಧರ್ಮಕ್ಕಾಗಿಯೇ ಹೊಡೆದರು ಅನ್ನುವುದಕ್ಕೆ ಗುರುತೇನು ಎಂದು ಅಧಿಕಾರಿ ಕೇಳಿದ. ಖೇತೋ ಅಂಗಿ ಬಿಚ್ಚಿ ಬೆನ್ನು ತಿರುಗಿಸಿದ. ಭುಜದಿಂದ ಸೊಂಟದವರೆಗೆ ಕೊಡಲಿಯ ಗೆರೆ. ಹೊಲದ ಜಗಳದಲ್ಲೂ ಹೀಗಾಗುತ್ತದೆ ಎಂದ ಅಧಿಕಾರಿ.

ಖೇತೋ ಗುಂಡಿ ಹಾಕಿಕೊಂಡ. ಊರಿಗೆ ಮರಳುವ ಬಸ್ಸು ಹಾತಕಣಂಗಲೆ ದಾಟಿದ ಮೇಲೆ ಬಾಯಿ ಬಿಟ್ಟ. ಸಿಂಧದಲ್ಲಿ ಅವನ ಹೆಂಡತಿಯನ್ನು ಮಣ್ಣು ಮಾಡಿದ ಮರುದಿನ, ಕಾಫಿರಳಿಗೆ ಇಲ್ಲಿ ಜಾಗವಿಲ್ಲವೆಂದು ಊರಿನ ಗುಂಪೊಂದು ಹೆಣವನ್ನು ಹೊರಗೆಳೆದು ರಸ್ತೆಗೆ ಎಸೆದಿತ್ತು. ಲಾಲಿ ನಾಯಿಗಳಿಗೆ ಕಲ್ಲು ಹೊಡೆಯುತ್ತ ಅವ್ವನ ಪಕ್ಕ ಕೂತಿದ್ದಳು.

“ಇದನ್ನ ಕಚೇರ್ಯಾಗ ಯಾಕ ಹೇಳಲಿಲ್ಲೋ?”

“ಇದಕ್ಕೂ ಗುರುತ ಕೇಳ್ತಾರ, ಅಣ್ಣಾ.”

*

“ಕುಂದ್ರಸ್ರಿ ಕಾಕಾ,” ಎಂದಳು ಲಾಲಿ.

“ರಾತ್ರೀನ ಹೋದ ಜೀವ. ಮೈ ಸೆಟದೈತಿ ಮಗಳ.”

“ಕುಂದ್ರಸ್ರಿ. ಅಪ್ಪನ್ನೂ ಹೊರಗ ತಗೀಬಾರದು.”

ಅವಧೂತ ಕೈಕಟ್ಟಿ ನಿಂತ. “ಕುಂದ್ರಸ್ರಿ, ನೋಡೂಣು.”

ಅಲ್ಲಪ್ಪ ಹೆಣದ ಕಾಲ ಬಳಿ ಮೊಣಕಾಲೂರಿ, ಮೀನಖಂಡವನ್ನು ಎರಡೂ ಕೈಯಿಂದ ಹಿಡಿದು ಮಡಿಸಲು ನೋಡಿದ. ಬಗ್ಗಲಿಲ್ಲ. ಮೈಭಾರವನ್ನೆಲ್ಲ ಹಾಕಿ ಒತ್ತಿದ. ಒಳಗೇನೋ ಲಟಕ್ಕೆಂದಿತು. ಹುಡುಗರಲ್ಲೊಬ್ಬ ಮುಖ ತಿರುಗಿಸಿದ. ಇನ್ನೊಂದು ಕಾಲಿಗೆ ಅಲ್ಲಪ್ಪನ ಬಲ ಸಾಲಲಿಲ್ಲ. ಕಣ್ಣಿಗಿಳಿದ ರಕ್ತ ಒರೆಸಿಕೊಳ್ಳುತ್ತ ದುಂಡಪ್ಪ ಮೇಲೆ ಹತ್ತಿ ಬಂದ. ಇಬ್ಬರೂ ಸೇರಿ ಮಡಿಸಿದರು. ಆಮೇಲೆ ಸೊಂಟ. ಪ್ರತಿ ಒತ್ತಿಗೂ ತಲೆ ನೆಲಕ್ಕೆ ಬಡಿಯದಂತೆ ಲಾಲಿ ಅಂಗೈ ಒಡ್ಡಿದ್ದಳು. ಅವಳು ಕಣ್ಣು ಮುಚ್ಚಲಿಲ್ಲ.

ಅಲ್ಲಪ್ಪ ಹೆಣದ ಹಣೆಗೆ ವಿಭೂತಿ ಎಳೆದ.

“ಹಾಂ, ಈಗ ನಿಮ್ಮಾಂವ ಆದ,” ಎಂದು ಅವಧೂತ ಹೆಣದ ಪಕ್ಕದಲ್ಲೇ ಗುಟಖಾ ಉಗುಳಿ, ಹುಡುಗರನ್ನು ಕರೆದುಕೊಂಡು ಹೋದ.

ಕುಣಿಯ ಒಂದು ತುದಿಗೆ ಖೇತೋನನ್ನು ಕೂರಿಸಿದರು. ಅವನ ಮುಂದೆ, ಕಾಲು ಚಾಚಲು ತೋಡಿದ್ದ ಜಾಗವೆಲ್ಲ ಖಾಲಿ ಬಿದ್ದಿತ್ತು. ದುಂಡಪ್ಪ ಮೊದಲು ಅದನ್ನೇ ತುಂಬತೊಡಗಿದ.