ಪಟ್ಟಿಯಿದ್ದ ಜಾಗದಲ್ಲಿ ನಕ್ಷತ್ರ

ಕಣ್ಣಾಸ್ಪತ್ರೆಯ ಮೂರನೇ ಮಹಡಿಯಲ್ಲಿ, ಹಳೆಯ ಎಕ್ಸ್‌ರೇ ಕೋಣೆಯಲ್ಲಿ ಕೂತು ಆಸ್ಪತ್ರೆಯ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದವಳು ಅವಳೊಬ್ಬಳೇ. ಕೆಲಸದಲ್ಲಿ ಕಟ್ಟುನಿಟ್ಟು, ಬಾಯಿ ಅದಕ್ಕಿಂತ ಒಂದು ಗುಲಗಂಜಿ ಹೆಚ್ಚು. ಯಾರಾದರೂ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಅಂಟಿಸಿದ್ದರೆ ಇಡೀ ಮಹಡಿಗೆ ಕೇಳುವಂತೆ ಬೈಯುತ್ತಿದ್ದಳು.

ರೋಗಿಗಳು ಮನೆಯಿಂದಲೇ ಫೋನ್ ನಂಬರು, ವಿಳಾಸ ತಿದ್ದಿಕೊಳ್ಳಲು ಒಂದು ಫಾರ್ಮ್ ಇತ್ತು. ಹೊರಗಿನಿಂದ ಬರುವ ಯಾವ ವಿವರವನ್ನು ಒಳಗೆ ಬಿಡಬೇಕು ಅನ್ನುವುದನ್ನು ವೆಬ್‌ಸೈಟಿನ ನಿಯಮಗಳಿರುವ ಒಂದು ಕಾನ್ಫಿಗ್ ಫೈಲಿನಲ್ಲಿ ಪಟ್ಟಿ ಮಾಡಿದ್ದಳು. ಪಟ್ಟಿಯಲ್ಲಿದ್ದದ್ದು ಒಳಗೆ, ಇಲ್ಲದ್ದು ಆಚೆಗೆ. ಆಪರೇಷನ್ ತಾರೀಖು ಪಟ್ಟಿಯಲ್ಲಿರಲಿಲ್ಲ. ಅದನ್ನು ಬದಲಿಸುವ ಅಧಿಕಾರ ಕೆಳಗಿನ ಕೌಂಟರಿನ ದೊಡ್ಡಕ್ಕನಿಗೆ ಮಾತ್ರ. ಇಪ್ಪತ್ತೆರಡು ವರ್ಷದಿಂದ ಅದೇ ಕುರ್ಚಿಯಲ್ಲಿದ್ದ ಆ ಗುಮಾಸ್ತೆ ಡಾಕ್ಟರುಗಳಿಗೂ ದೊಡ್ಡಕ್ಕನೇ.

ಒಂದು ಮಧ್ಯಾಹ್ನ ಫಾರ್ಮಿಗೆ ‘ಜೊತೆಗೆ ಬರುವವರ ಹೆಸರು’ ಸೇರಿಸಬೇಕಾಯಿತು. ಪಟ್ಟಿಗೆ ಸೇರಿಸಿ ಎಷ್ಟು ತಿಣುಕಿದರೂ ಆ ಹೆಸರು ಕಂಪ್ಯೂಟರಿನಲ್ಲಿ ಉಳಿಯಲೊಲ್ಲದು. ಇನ್ನೂ ಆಗಲಿಲ್ಲವೇ ಎಂದು ಆಸ್ಪತ್ರೆಯ ಮೇಲ್ವಿಚಾರಕ ಮೂರು ಸಲ ಫೋನ್ ಮಾಡಿದ್ದ. ಅವಳಿಗೆ ರೇಗಿತು. ಪಟ್ಟಿಯನ್ನೆಲ್ಲ ಅಳಿಸಿ, ಆ ಜಾಗದಲ್ಲಿ ಒಂದು ನಕ್ಷತ್ರ ಚಿಹ್ನೆ ಒತ್ತಿದಳು. ಏನು ಬಂದರೂ ಒಳಗೆ ಬಿಡು ಎಂದು ಅದರ ಅರ್ಥ. ಹೆಸರು ಉಳಿಯಿತು. ನಾಳೆ ಸರಿಮಾಡಿದರಾಯಿತು ಅಂದುಕೊಂಡಳು. ನಾಳೆ ಎಂದವನ ಮನೆ ಹಾಳು ಅನ್ನುತ್ತಾರೆ. ಇಲ್ಲಿ ಹಾಳಾದದ್ದು ಇನ್ನೊಬ್ಬರ ಮರ್ಯಾದೆ.

ಮೂರು ವಾರದ ಮೇಲೆ ಒಬ್ಬ ಗಾರೆ ಮೇಸ್ತ್ರಿ, ಎರಡೂ ಕಣ್ಣಿಗೆ ಪೊರೆ ಬಂದವನು, ಮಗಳ ಭುಜ ಹಿಡಿದುಕೊಂಡು ಆಪರೇಷನ್ನಿಗೆ ಬಂದ. ಅವನ ತಾರೀಖು ಒಂದೂವರೆ ತಿಂಗಳು ಮುಂದಕ್ಕೆ ಹೋಗಿತ್ತು. ದಿನಕ್ಕೆ ಹತ್ತೇ ಆಪರೇಷನ್. ಯಾರೋ ನಡುವೆ ತೂರಿದ್ದರು, ಕೊನೆಯವನಾದ ಅವನು ಜಾರಿದ್ದ.

“ನಿಮ್ಮೋರನ್ನ ಮುಂದೆ ತಳ್ಳಿ ನನ್ನ ಹಿಂದಕ್ಕೆ ಹಾಕಿದ್ಯಾ?” ಎಂದು ಮೇಸ್ತ್ರಿ ಕೌಂಟರಿನ ಮುಂದೆ ಕೂಗಾಡಿದ. ಕಾಯುತ್ತಿದ್ದವರೆಲ್ಲ ದನಿಗೂಡಿಸಿದರು. ಮೇಲ್ವಿಚಾರಕ ಬಂದು, ವಿಚಾರಣೆ ಮುಗಿಯುವ ತನಕ ಮನೆಯಲ್ಲಿರಿ ಎಂದು ದೊಡ್ಡಕ್ಕನಿಗೆ ಎಲ್ಲರೆದುರೇ ಹೇಳಿದ. ಅವಳು ಕನ್ನಡಕದ ಡಬ್ಬಿ, ಕುರ್ಚಿಯ ಮೇಲಿನ ದಿಂಬು ಎತ್ತಿಕೊಂಡು ಹೋದಳು.

ಏನಾಯಿತೆಂದು ಹುಡುಕುವ ಕೆಲಸ ಇವಳ ಪಾಲಿಗೆ ಬಂತು. ಹತ್ತು ನಿಮಿಷ ಸಾಕಾಯಿತು. ಕಂಪ್ಯೂಟರ್ ಬಲ್ಲ ಯಾರೋ ತಮ್ಮವರ ಫೋನ್ ನಂಬರಿನ ಜೊತೆ ಆಪರೇಷನ್ ತಾರೀಖನ್ನೂ ಸೇರಿಸಿ ಕಳಿಸಿದ್ದರು. ನಕ್ಷತ್ರ ಅದನ್ನೂ ಒಳಗೆ ಬಿಟ್ಟಿತ್ತು. ಅವಳ ಕಿವಿ ಬಿಸಿಯಾಯಿತು. ಮೊದಲು ಮಾಡಿದ ಕೆಲಸವೆಂದರೆ, ಎದ್ದು ಬಾಗಿಲು ಹಾಕಿ, ಸದ್ದಿಲ್ಲದೆ ಹಳೆಯ ಪಟ್ಟಿಯನ್ನು ವಾಪಸ್ ಬರೆದದ್ದು. ಮೇಲ್ವಿಚಾರಕನಿಗೆ, “ಇನ್ನೂ ನೋಡ್ತಾ ಇದೀನಿ ಸಾರ್” ಅಂದಳು.

ಹೀಗೇ ಎರಡು ದಿನ. ಮೂರನೇ ಬೆಳಿಗ್ಗೆ ದೊಡ್ಡಕ್ಕನೇ ಫೋನ್ ಮಾಡಿದಳು.

“ತಂಗೀ, ಏನಾದ್ರೂ ಸಿಕ್ತಾ? ನಾನೂ ಯೋಚ್ನೆ ಮಾಡ್ದೆ ಕಣೇ. ವಯಸ್ಸಾಯ್ತು, ನಾನೇ ಕಣ್ತಪ್ಪಿ ಏನಾದ್ರೂ ಒತ್ತಿಬಿಟ್ಟೆನೇನೋ. ಹಾಗಿದ್ರೆ ಹಾಗೇ ಹೇಳಿಬಿಡು, ಮುಚ್ಚಿಡ್ಬೇಡ.”

ಇವಳು ಫೋನಿಟ್ಟವಳೇ ನೇರ ಮೇಲ್ವಿಚಾರಕನ ಕೋಣೆಗೆ ಹೋಗಿ ಎಲ್ಲ ಹೇಳಿದಳು. ಅವನು ಹಣೆ ಒತ್ತಿಕೊಂಡ. “ತಾಂತ್ರಿಕ ದೋಷ ಅಂತ ಬರೆದು ಮುಗಿಸೋಣ ಬಿಡಿ. ಊರಿಗೆಲ್ಲ ಯಾಕೆ ಗೊತ್ತಾಗ್ಬೇಕು?”

ಆ ಮಾತು ಹಿತವೆನಿಸಿದ್ದಕ್ಕೇ ಅವಳಿಗೆ ತನ್ನ ಮೇಲೆ ಇನ್ನಷ್ಟು ಹೇಸಿಗೆಯಾಯಿತು.

ಮೇಲ್ವಿಚಾರಕ ಕರೆಸಿದ್ದರಿಂದ ಮಧ್ಯಾಹ್ನ ದೊಡ್ಡಕ್ಕ ದಿಂಬಿನ ಸಮೇತ ಬಂದಾಗ ಇವಳು ಕೌಂಟರಿನ ಹಿಂದೆ ನಿಂತು ಎಲ್ಲ ಹೇಳಿದಳು. ದೊಡ್ಡಕ್ಕ ಫೈಲಿನ ಬಗ್ಗೆ ಒಂದೂ ಪ್ರಶ್ನೆ ಕೇಳಲಿಲ್ಲ.

“ನಿಂಗೆ ಯಾವಾಗ ಗೊತ್ತಾಯ್ತು?”

“ಅವತ್ತೇ, ಅಕ್ಕಾ.”

“ಅವತ್ತೇ.” ದೊಡ್ಡಕ್ಕ ದಿಂಬನ್ನು ಕುರ್ಚಿಗೆ ಹಾಕಿ ಎರಡು ಸಲ ತಟ್ಟಿದಳು. “ತಪ್ಪು ಯಾರು ಮಾಡಲ್ಲ? ಎರಡು ದಿನ ನನ್ನ ಅಳಿಯ ನನ್ನ ಮುಖ ನೋಡಿ ಮಾತಾಡ್ಲಿಲ್ಲ. ನಂಗೆ ಹೇಳಿದ್ರೆ ಸಾಲ್ದು. ಆ ಮೇಸ್ತ್ರಿಗೆ ಹೇಳಿ, ಮೇಡಂ.”

‘ತಂಗಿ’ ಹೋಗಿ ‘ಮೇಡಂ’ ಬಂದದ್ದು ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು.

ಹೊಸ ತಾರೀಖು ಪಡೆಯಲು ಮೇಸ್ತ್ರಿ ಮರುದಿನ ಬಂದ. ಜನ ತುಂಬಿದ ಹಾಲ್‌ನಲ್ಲಿ, ಬೆಂಚುಗಳ ನಡುವೆ ನಿಂತು ಅವಳು ಹೇಳಿದಳು. ಅವನು ಮಂಜುಗಣ್ಣಿನಲ್ಲಿ ಅವಳ ಮುಖ ಹುಡುಕುತ್ತಾ, “ಬಾಗಿಲಿಗೆ ಚಿಲಕ ಹಾಕೋದು ಮರೆತ್ರಿ, ಅಷ್ಟೇ ತಾನೇ?” ಅಂದ.

ಹೌದೆಂದುಬಿಟ್ಟರೆ ಮುಗಿಯುತ್ತಿತ್ತು.

“ಮರೀಲಿಲ್ಲ. ನಾನೇ ತೆಗೆದಿಟ್ಟೆ. ಆಮೇಲೆ ದೊಡ್ಡಕ್ಕನ ಮೇಲೆ ತಪ್ಪು ಬಂದಾಗ ಸುಮ್ನಿದ್ದೆ.”

ಹಾಲ್‌ನಲ್ಲಿ ಯಾರೋ ‘ಥೂ’ ಅಂದರು. ಮೇಸ್ತ್ರಿ ಕೌಂಟರಿನ ಕಡೆ ತಿರುಗಿ, “ಬಾಯಿಗೆ ಬಂದಂಗೆ ಅಂದುಬಿಟ್ಟೆ, ಅಕ್ಕಾ” ಎಂದು ಕೈಮುಗಿದ. ದೊಡ್ಡಕ್ಕ ತಾರೀಖು ಹುಡುಕತೊಡಗಿದಳು. ಗುರುವಾರ ಒಬ್ಬರು ಬರುವುದಿಲ್ಲವೆಂದು ತಿಳಿಸಿದ್ದರು. ಆ ಜಾಗ ಅವನಿಗೆ ಸಿಕ್ಕಿತು. ಮಗಳು ಚೀಟಿಯನ್ನು ಅಪ್ಪನ ಜೇಬಿಗೆ ಹಾಕಿ ಅವನನ್ನು ನಡೆಸಿಕೊಂಡು ಹೋದಳು. ದೊಡ್ಡಕ್ಕ ಮುಂದಿನವರನ್ನು ಕರೆದಳು.